ಏಪ್ರಿಲ್ ಬಾಗಿಲಲ್ಲಿ ನಿಂತ ವರ್ಲಿನ್ ಕೋಚ್

ಬೆಳಗಿನ ಐದೂವರೆ. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಅರ್ಧ ದೀಪಗಳಷ್ಟೇ ಉರಿಯುತ್ತಿವೆ. ಅರವತ್ತೊಂದರ ವರ್ಲಿನ್ ಸ್ಟಕಿ ಬಲೆಯ ಕೆಳಗೆ ನಿಂತು, ಇಳಿದ ಚೆಂಡನ್ನು ಹಿಡಿದು ಮತ್ತೆ ಎದುರು ಅಭ್ಯಾಸ ಮಾಡುತ್ತಿರುವ ಹುಡುಗನ ಕೈಗೆ ಎಸೆಯುತ್ತಿದ್ದಾರೆ. ದಿನಕ್ಕೆ ಐನೂರು ಸಲ. ಈ ಕೆಲಸಕ್ಕೆಂದೇ ಕಾಲೇಜು ತಂದ ಯಂತ್ರವೊಂದು ಮೂಲೆಯಲ್ಲಿದೆ. ವರ್ಲಿನ್ ಅದಕ್ಕೆ ಕೋಟು ನೇತುಹಾಕುತ್ತಾರೆ.

"ಮಿಷಿನ್ನು ಬಾಲ್ ಕೊಡುತ್ತೆ, ಸರಿ. ಹುಡುಗ ರಾತ್ರಿ ನಿದ್ದೆ ಮಾಡಿದ್ನೋ ಇಲ್ವೋ ಅಂತ ಅದಕ್ಕೆ ಗೊತ್ತಾಗುತ್ತಾ?" ಎನ್ನುತ್ತಾರೆ.

ಅಮೆರಿಕದ ಇಂಡಿಯಾನಾ ರಾಜ್ಯದ ದಕ್ಷಿಣದಲ್ಲಿರುವ ನಮ್ಮ ಊರಲ್ಲಿ ಮಕ್ಕಳು ನಡೆಯುವ ಮೊದಲೇ ಚೆಂಡು ಪುಟಿಸುತ್ತಾರೆಂದು ನಾವು ಜಂಬ ಕೊಚ್ಚುತ್ತೇವೆ. ಗೆದ್ದರೆ ಪತ್ರಿಕೆಯಲ್ಲಿ ಹೆಡ್ ಕೋಚ್ ಹೆಸರು, ಸೋತರೂ ಅವರದೇ. ಮೂವತ್ತೆರಡು ವರ್ಷಗಳಿಂದ ಸಹಾಯಕ ಕೋಚ್ ಆಗಿರುವ ವರ್ಲಿನ್ ಹೆಸರು ಒಮ್ಮೆ ಅಚ್ಚಾಗಿತ್ತು, ಬೇರೆ ಯಾರದೋ ಫೋಟೊ ಕೆಳಗೆ. ನನ್ನ ಮಗಳಿಗೆ ಚೆಂಡು ಹಿಡಿಯಲು ಕಲಿಸಿದವರೂ ಇವರೇ. ಆ ಋಣ ನನ್ನ ಮೇಲಿದೆ, ಹಾಗಾಗಿ ಈ ಬರಹದಲ್ಲಿ ಸ್ವಲ್ಪ ಪಕ್ಷಪಾತ ಕಂಡರೆ ಕ್ಷಮಿಸಿ.

ಮೊದಲು ಕೆಲಸ ಸುಲಭವಿತ್ತು. ಹುಡುಗನ ಮನೆಗೆ ಹೋಗಿ, ಅವನ ಅಜ್ಜಿ ಬಡಿಸಿದ್ದನ್ನೆಲ್ಲ ತಿಂದು ಒಪ್ಪಿಸಿದರೆ ನಾಲ್ಕು ವರ್ಷ ಅವನು ನಮ್ಮವನು. ಕಾಲೇಜು ಬದಲಿಸಿದವನು ಒಂದು ವರ್ಷ ಆಡದೆ ಕೂರಬೇಕಿತ್ತು. ಈಗ ಆ ಕಟ್ಟು ಬಿಚ್ಚಿದೆ, ಆಟಗಾರರಿಗೆ ಹಣವೂ ಸಿಗುತ್ತಿದೆ. ಏಪ್ರಿಲ್‌ನಲ್ಲಿ ಹದಿನೈದು ದಿನ ಕಾಲೇಜು ಬದಲಿಸುವ ಬಾಗಿಲು ತೆರೆದಿರುತ್ತದೆ. ಅಷ್ಟರೊಳಗೆ ಹೊರಡುವವರ ಪಟ್ಟಿಗೆ ಹೆಸರು ಕೊಟ್ಟವನು ಎಲ್ಲಿಗಾದರೂ ಹೋಗಬಹುದು. ಕಳೆದ ವರ್ಷ ನಮ್ಮ ಹದಿಮೂರು ಆಟಗಾರರಲ್ಲಿ ಒಂಬತ್ತು ಮಂದಿ ಹೋದರು.

"ಮುಂಚೆ ಒಂದ್ಸಲ ಮದುವೆ ಆದ್ರೆ ಮುಗೀತಿತ್ತು. ಈಗ ವರ್ಷಾವರ್ಷ ಹೆಣ್ಣು ಕೇಳೋಕೆ ಹೋಗ್ಬೇಕು, ಅದೂ ನಮ್ಮನೆ ಸೊಸೇನೇ!" ಎಂದು ವರ್ಲಿನ್ ನಗುತ್ತಾರೆ. ಬೇಸತ್ತು ಕೆಲಸ ಬಿಟ್ಟ ಕೋಚ್‌ಗಳು ಬೇಕಾದಷ್ಟಿದ್ದಾರೆ. ಇವರ ಬಾಯಲ್ಲಿ ಮಾತ್ರ ಒಂದು ಬೈಗುಳವಿಲ್ಲ. "ಬೆವರು ಅವ್ರದ್ದು, ಟಿಕೆಟ್ ದುಡ್ಡು ನಮ್ದು. ಇಷ್ಟು ವರ್ಷ ನಡೆದದ್ದು ಅದೇ ತಾನೆ? ಈಗ್ಲಾದ್ರೂ ಸಿಗ್ತಿದೆಯಲ್ಲ."

ಇಂದು ಬಾಗಿಲು ಮುಚ್ಚುವ ದಿನ. ಎದುರಿಗಿರುವ ಕೆಲನ್ ಬ್ರಾಯ್ಲ್ಸ್ ಮೂರು ವರ್ಷ ಒಂದು ಬೆಳಗನ್ನೂ ತಪ್ಪಿಸದ ಹುಡುಗ. ದೊಡ್ಡ ವಿಶ್ವವಿದ್ಯಾಲಯವೊಂದು ವರ್ಲಿನ್ ಸಂಬಳದ ಐದು ಪಟ್ಟು ಕೊಡುತ್ತೇನೆಂದು ಅವನನ್ನು ಕರೆದಿದೆ. ಅವನು ಹೋದರೆ ತಂಡದ ಬೆನ್ನೆಲುಬೇ ಹೋದಂತೆ. ಇನ್ನೊಂದು ವರ್ಷ ಸೋತರೆ ಕೋಚ್‌ಗಳೆಲ್ಲ ಮನೆಗೆ. ನಿನ್ನೆ ಹೆಡ್ ಕೋಚ್ ಕರೆದು ಹೇಳಿದ್ದಾರೆ: "ವರ್ಲಿನ್, ಅವ್ನು ಕೇಳೋದು ನಿನ್ನ ಮಾತೊಂದೇ. ಹೇಗಾದ್ರೂ ನಿಲ್ಲಿಸು ಪುಣ್ಯಾತ್ಮ."

ನಿಲ್ಲಿಸುವುದು ವರ್ಲಿನ್‌ಗೆ ಗೊತ್ತು. ಮೂರು ವರ್ಷದ ಹಿಂದೆ ಟ್ರೆಮಾಂಟ್ ಎಂಬ ಹುಡುಗನಿಗೆ ಇಂಥದೇ ಕರೆ ಬಂದಾಗ ಮನೆಗೆ ಕರೆದು, ಊಟ ಹಾಕಿ, "ನಾವೆಲ್ಲ ಒಂದೇ ಮನೆಯವ್ರಲ್ವೇನೋ" ಎಂದಿದ್ದರು. ಹುಡುಗ ಉಳಿದ. ಡಿಸೆಂಬರ್‌ನಲ್ಲಿ ಮಂಡಿ ಹೋಯಿತು. ಮತ್ತೆ ಅವನನ್ನು ಯಾರೂ ಕರೆಯಲಿಲ್ಲ.

"ಸುಳ್ಳೇನೂ ಹೇಳ್ಲಿಲ್ಲ ನಾನು. ಪ್ರೀತೀನೇ ಹಗ್ಗ ಮಾಡಿ ಕಟ್ಹಾಕಿದೆ" ಎನ್ನುವಾಗ ವರ್ಲಿನ್ ಕಣ್ಣು ತಪ್ಪಿಸುತ್ತಾರೆ. ಟ್ರೆಮಾಂಟ್ ಈಗ ಪಕ್ಕದ ಊರಿನ ಶಾಲೆಯಲ್ಲಿ ಆಟದ ಮೇಷ್ಟ್ರು. ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. "ಬೈದಿದ್ರೆ ಹಗುರ ಆಗ್ತಿತ್ತು. 'ಊಟ ಆಯ್ತಾ ಕೋಚ್' ಅಂತಾನೆ. ಅಂಥ ಹುಡುಗ ಸಿಕ್ಕಿದ್ದು ನನ್ನ ಪುಣ್ಯ."

ಐನೂರನೇ ಚೆಂಡು ಬಲೆಗೆ ಬೀಳುತ್ತದೆ. ಕೆಲನ್ ಅದನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿರ ಬರುತ್ತಾನೆ.

"ಎಲ್ರೂ ಉಳ್ಕೋ ಅಂದ್ರು. ನೀವೊಬ್ರೇ ಅಂದಿಲ್ಲ ಕೋಚ್. ನಾನು ಬೇಡ್ವಾ ನಿಮ್ಗೆ?"

"ಬೇಕು ಕಣೋ. ನೀನು ಹೋದ್ರೆ ನನ್ನ ಕೆಲಸಾನೂ ಹೋಗ್ಬಹುದು. ಅದು ನನ್ನ ಪಾಡು, ನಿನ್ನ ತಲೆಗೆ ಹಚ್ಕೋಬೇಡ. ನಿಮ್ಮಮ್ಮ ಎರಡು ಕಡೆ ದುಡೀತಿದ್ದಾಳೆ. ಹೋಗು. ಎಡಗೈ ಅಭ್ಯಾಸ ಮಾತ್ರ ಬಿಡ್ಬೇಡ."

ಹುಡುಗ ಅಲ್ಲೇ ನೆಲದ ಮೇಲೆ ಕೂತು ಫೋನಿನಲ್ಲಿ ಹೆಸರು ಕೊಡುತ್ತಾನೆ. ಆಮೇಲೆ ಎದ್ದು ಬಂದು ವರ್ಲಿನ್ ಹೆಗಲ ಮೇಲೆ ಮುಖವಿಟ್ಟು ಅಳುತ್ತಾನೆ. ನನಗೂ ತಡೆಯಲಾಗುವುದಿಲ್ಲ.

ಮಧ್ಯಾಹ್ನ ಅವನ ತಾಯಿ ರೆಜಿನಾ ಪರ್ಸಿಮನ್ ಹಣ್ಣಿನ ಪುಡಿಂಗ್ ಹಿಡಿದು ಬರುತ್ತಾರೆ. "ಉಳಿದೋರೆಲ್ಲ ಅವ್ನಿಗೇನು ಬೇಕು ಅಂತ ಕೇಳಿ, ತಮಗೇನು ಬೇಕೋ ಅದನ್ನೇ ಹೇಳಿದ್ರು. ನೀವೊಬ್ರು ನಮ್ಮನೆ ಕಡೆ ನೋಡಿದ್ರಿ, ಕೋಚ್. ಇದನ್ನ ಮರೆಯಲ್ಲ" ಎನ್ನುತ್ತಾರೆ. ವರ್ಲಿನ್ ಪುಡಿಂಗನ್ನು ಎರಡನೇ ಸಲ ಬಡಿಸಿಕೊಳ್ಳುತ್ತಾರೆ.

ಮುಂದಿನ ವರ್ಷ ಕೆಲಸ ಇರದಿದ್ದರೆ ಏನು ಮಾಡುತ್ತೀರಿ ಎಂದು ಹೊರಡುವ ಮುನ್ನ ಕೇಳುತ್ತೇನೆ.

"ಟಿಕೆಟ್ ತಗೊಂಡು ಅವ್ನ ಆಟ ನೋಡೋಕೆ ಹೋಗ್ತೀನಿ. ಮೂವತ್ತೆರಡು ವರ್ಷದಲ್ಲಿ ಒಂದು ಮ್ಯಾಚೂ ಆರಾಮಾಗಿ ಕೂತು ಚಪ್ಪಾಳೆ ಹೊಡ್ದಿಲ್ಲ ನೋಡಿ."