ತಿಪ್ಪಮ್ಮನ ಬಾಗಿಲಲ್ಲಿ ಕೇಳಿದ ಪ್ರಾರ್ಥನೆ

ಪವಾಡದ ಮಾತೆತ್ತುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಾನು ಹುಟ್ಟಿದ್ದು ಕ್ರೈಸ್ತರ ಮನೆಯಲ್ಲೇ. ಹಿರಿಯೂರಿನ ನಮ್ಮ ಸಭೆಯಲ್ಲಿ ಪ್ರತಿ ಭಾನುವಾರ ಯಾರಾದರೊಬ್ಬರು ಎದ್ದು ನಿಂತು ಸಾಕ್ಷಿ ಹೇಳುತ್ತಾರೆ. ಕಳೆದುಹೋದ ಬೈಕಿನ ಕೀ ಸಿಕ್ಕಿದ್ದು, ಮಗ ಮರುಪರೀಕ್ಷೆಯಲ್ಲಿ ಗಣಿತ ಪಾಸಾದದ್ದು, ಎಲ್ಲವೂ ದೇವರು ಖುದ್ದಾಗಿ ಬಂದು ಮಾಡಿಕೊಟ್ಟದ್ದೇ. ಭೂಮಿ ಆಕಾಶ ಮಾಡಿದವನಿಗೆ ಬೇರೆ ಕೆಲಸವೇ ಇಲ್ಲವೇ ಎಂದು ನಾನು ಹಿಂದಿನ ಬೆಂಚಿನಲ್ಲಿ ಕೂತು ಗೊಣಗುತ್ತಿದ್ದೆ. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರೆ ನಾನು ಮುಚ್ಚುತ್ತಿರಲಿಲ್ಲ. ಭಕ್ತರ ಮುಖಗಳನ್ನು ನೋಡುತ್ತಾ ಕೂರುವುದು ನನಗೆ ಪುಕ್ಕಟೆ ಮನರಂಜನೆಯಾಗಿತ್ತು.

ಅಂಥವನಿಗೆ ಆದ ಅನುಭವ ಇದು. ನೀವು ನಂಬಲೇಬೇಕೆಂದೇನಿಲ್ಲ. ನಂಬಿಸುವ ದರ್ದು ನನಗೂ ಇಲ್ಲ.

ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷ. ಮಂಡಕ್ಕಿ ಮಿರ್ಚಿ ಕಟ್ಟಿಕೊಂಡು ಇಡೀ ಜಿಲ್ಲೆಯೇ ಕೋಡಿ ನೋಡಲು ಹೊರಟಿತ್ತು. ಅದೇ ನೀರು ಕೆಳಗೆ ವೇದಾವತಿಯ ದಂಡೆಯ ಊರುಗಳಿಗೆ ನುಗ್ಗಿ ಅಡುಗೆಮನೆಗಳಲ್ಲಿ ನಿಂತದ್ದು ಆ ಸಂಭ್ರಮದಲ್ಲಿ ಯಾರಿಗೂ ಕಾಣಲಿಲ್ಲ. ನೀರು ಇಳಿದ ಮೇಲೆ ನಮ್ಮ ಸಭೆಯವರಿಗೆ ನೆರೆಯವರ ಮೇಲೆ ಪ್ರೀತಿ ಉಕ್ಕಿತು. ಅಕ್ಕಿ ಮೂಟೆಗಿಂತ ಮೊದಲು ಬ್ಯಾನರ್ ತಯಾರಾಯಿತು. ದಾನವಾಗಿ ಬಂದ ಬಟ್ಟೆಗಳ ರಾಶಿಯಲ್ಲಿ ಮಿಣಮಿಣ ಎನ್ನುವ ಆರತಕ್ಷತೆಯ ಸೀರೆ ಇತ್ತು, ತೂತು ಬನಿಯನ್ ಇತ್ತು, ಒಂದು ಟೈ ಕೂಡ ಇತ್ತು. ಕೆಸರಿನಲ್ಲಿ ನಿಂತವನಿಗೆ ಟೈ! ನನ್ನನ್ನು ಕೇಳದೆಯೇ ಹೆಂಡತಿ ಸ್ವಯಂಸೇವಕರ ಗುಂಪಿಗೆ ನನ್ನ ಹೆಸರು ಕೊಟ್ಟಿದ್ದಳು. ಬೈದುಕೊಂಡೇ ವ್ಯಾನು ಹತ್ತಿದೆ.

ನಮ್ಮ ಪಾಲಿಗೆ ಬಂದದ್ದು ತಿಪ್ಪಮ್ಮ ಎಂಬ ಗಟ್ಟಿ ಬಾಯಿಯ ಹೆಂಗಸಿನ ಮನೆ. ಗಂಡ ತೀರಿಕೊಂಡ ಮೇಲೆ ಕೂಲಿ ಮಾಡಿಕೊಂಡು ಬದುಕುತ್ತಿದ್ದಳು. ಮಣ್ಣಿನ ಗೋಡೆಯ, ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆ, ಒಳಗೆ ಮೊಣಕಾಲಿನ ತನಕ ಕೆಸರು. ಮೋಡ ಸರಿದು ಆವತ್ತು ಒಳ್ಳೆ ಬಿಸಿಲು ಬಿದ್ದಿತ್ತು. ಬೆಳಿಗ್ಗೆಯಿಂದ ಪಡಸಾಲೆಯ ಕೆಸರು ಬಾಚಿ ಅಂಗಳಕ್ಕೆ ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಎಲ್ಲರೂ ಹೊರಗೆ ನಿಂತಿದ್ದಾಗ ತಿಪ್ಪಮ್ಮ ಬಂದು, "ಒಳಕ್ವಾಣ್ಯಾಗೆ ನಮ್ ದ್ಯಾವ್ರ ಪೆಟ್ಗೆ ಐತೆ. ಅದೊಂದು ಎತ್ಕೊಡ್ರಪ್ಪ," ಎಂದಳು.

ನಮ್ಮವರ ಮುಖ ನೋಡಬೇಕಿತ್ತು. ಕೊಳಚೆಗೆ ಕೈ ಹಾಕಲು ಹೇಸದವರು ದೇವರ ಪೆಟ್ಟಿಗೆಯ ಮಾತು ಕೇಳಿ ಹಿಂದೆ ಸರಿದರು. ಇನ್ನೊಬ್ಬರ ದೇವರನ್ನು ಮುಟ್ಟಬಹುದೋ ಬಾರದೋ? ಪಾಸ್ಟರು ಗಂಟಲು ಸರಿಮಾಡಿಕೊಂಡು, "ಮೊದ್ಲು ಪ್ರಾರ್ಥನೆ ಮಾಡಾಣ," ಎಂದರು. ತೀರ್ಮಾನ ಹೇಳಲು ಧೈರ್ಯ ಸಾಲದಾಗಲೆಲ್ಲ ಅವರಿಗೆ ಪ್ರಾರ್ಥನೆ ನೆನಪಾಗುತ್ತದೆ.

"ನೀವು ಮಾಡ್ಕಳ್ರಿ. ನಾನೇ ತತ್ತೀನಿ," ಎಂದು ತಿಪ್ಪಮ್ಮ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು. ನಾನು ಬಾಗಿಲಿಗೆ ಬೆನ್ನು ಮಾಡಿ ಹೊಸಿಲ ಮೇಲೆ ನಿಂತಿದ್ದೆ. ದಾರಿ ಬಿಡಬೇಕು ಅನ್ನುವಷ್ಟರಲ್ಲಿ ಪ್ರಾರ್ಥನೆ ಶುರುವಾಗಿಬಿಟ್ಟಿತು. ಅವಳು ನನ್ನೆದುರಿಗೇ ನಿಂತಳು.

"ಕೃಪೆಯುಳ್ಳ ಪರಲೋಕದ ತಂದೆಯೇ" ಎಂದು ಪಾಸ್ಟರು ಎಂದಿನ ಧಾಟಿಯಲ್ಲಿ ಆರಂಭಿಸಿ, ಎರಡು ಮಾತು ಹೇಳಿ, ತಡವರಿಸಿ ನಿಂತರು. ಆದರೆ ಪ್ರಾರ್ಥನೆ ನಿಲ್ಲಲಿಲ್ಲ. ನೆಗಡಿಯಾದವರ ಹಾಗೆ ಕಟ್ಟಿಕೊಂಡ ದನಿಯೊಂದು ಅದನ್ನು ಎತ್ತಿಕೊಂಡಿತು. "ಯಪ್ಪಾ, ಈಯಮ್ಮ ಒಳಕ್ಕೆ ಹೋಗಾದು ಬ್ಯಾಡ. ಇಲ್ಲೇ ಇರ್ಲಿ. ಇನ್ನೊಂದ್ ಗಳಿಗೆ ಇಲ್ಲೇ ಇರ್ಲಿ." ಮತ್ತೆ ಮತ್ತೆ ಅದೇ ಮಾತು. ಇವರಿಗೇನು ಬಂತು, ಹಳ್ಳಿ ಮಾತಿನಲ್ಲಿ ನಾಟಕ ಶುರುಮಾಡಿದರಲ್ಲ ಎಂದು ಪಾಸ್ಟರ ಕಡೆ ನೋಡಿದೆ. ಅವರ ಬಾಯಿ ಮುಚ್ಚಿತ್ತು. ಪಕ್ಕದವರನ್ನು ನೋಡಿದೆ. ಒಬ್ಬೊಬ್ಬರನ್ನೇ ನೋಡುತ್ತಾ ಬಂದೆ. ಕಣ್ಣು ಮುಚ್ಚಿದ್ದವು, ತುಟಿಗಳೂ ಮುಚ್ಚಿದ್ದವು. ತಿಪ್ಪಮ್ಮನ ತುಟಿಯೂ ಅಲ್ಲಾಡುತ್ತಿರಲಿಲ್ಲ. ದನಿ ಮಾತ್ರ ಬೇಡುತ್ತಲೇ ಇತ್ತು. ಹಾಡುಹಗಲಿನಲ್ಲಿ, ಅಷ್ಟು ಜನರ ನಡುವೆ, ನನಗೆ ನಿಜವಾಗಿ ಭಯವಾಯಿತು.

ಆಗ ನನ್ನ ಬೆನ್ನ ಹಿಂದೆ ಒಳಕೋಣೆಯ ಗೋಡೆ ಮಾಳಿಗೆ ಸಮೇತ ಕುಸಿಯಿತು. ದೂಳಿನಲ್ಲಿ ಯಾರೋ ನನ್ನನ್ನು ಅಂಗಳಕ್ಕೆ ಎಳೆದರು. ದೂಳು ಇಳಿದಾಗ ತಿಪ್ಪಮ್ಮ ನೆಲದ ಮೇಲೆ ಕೂತಿದ್ದಳು. ಒಳಕೋಣೆ ಇದ್ದ ಕಡೆ ಮಣ್ಣಿನ ಗುಡ್ಡೆ ಬಿದ್ದಿತ್ತು.

ನೆನೆದ ಗೋಡೆ ಬಿಸಿಲಿಗೆ ಬಿರಿದು ಬೀಳುವುದು ನಮ್ಮ ಕಡೆ ಹೊಸದಲ್ಲ. ಅದರಲ್ಲಿ ವಿಚಿತ್ರವೇನಿಲ್ಲ. ವಿಚಿತ್ರ ಆ ದನಿ. ಮುಂದಿನ ಭಾನುವಾರ ಪಾಸ್ಟರು ಅದನ್ನು ಸಲೀಸಾಗಿ ತಮ್ಮದನ್ನಾಗಿ ಮಾಡಿಕೊಂಡರು. ಪವಿತ್ರಾತ್ಮನು ತಮ್ಮ ನಾಲಿಗೆಯನ್ನು ಹಿಡಿದು ನಡೆಸಿದನಂತೆ. ಜನ ಕಣ್ಣೊರೆಸಿಕೊಂಡರು. ಜೊತೆಗೆ ಬಂದಿದ್ದವರನ್ನು ಕೇಳಿದರೆ, "ಅವ್ರದೇ ದನಿ ಕಣ್ರಿ, ಇನ್ಯಾರ್ದು?" ಎಂದರು. ಕಣ್ಣು ಮುಚ್ಚಿಕೊಂಡವರ ಸಾಕ್ಷಿ ಎಷ್ಟರದು! ಪಾಸ್ಟರ ಬಾಯಿ ಮುಚ್ಚಿತ್ತು ಎಂದು ನಾನು ಎದ್ದು ಹೇಳಬಹುದಿತ್ತು. ಹೇಳಿದ್ದರೆ ಅದೂ ಒಂದು ಸಾಕ್ಷಿಯಾಗಿ, ನನಗೂ ಚಪ್ಪಾಳೆ ಬೀಳುತ್ತಿತ್ತು. ಆ ಅವಮಾನ ನನಗೆ ಬೇಡವಾಗಿತ್ತು. ಬಿಸಿಲು, ಹಸಿವು, ಏನೋ ಭ್ರಮೆ ಎಂದುಕೊಂಡು ಸುಮ್ಮನಾದೆ.

ಕೆಲವು ವಾರಗಳ ಮೇಲೆ ತಿಪ್ಪಮ್ಮನ ಹೊಸ ಶೆಡ್ಡಿಗೆ ತಗಡು ಹೊದಿಸಲು ಹೋಗಿದ್ದೆವು. ಚಹಾ ಕೊಡುತ್ತಾ ಅವಳು, "ಆವತ್ತು ನೀನು ಬೇಡ್ಕಳ್ದಿದ್ರೆ ನಾನು ಮಣ್ಣಾಗಿರ್ತಿದ್ದೆ," ಎಂದಳು.

"ನಾನಲ್ಲಮ್ಮ, ಪಾಸ್ಟರು," ಎಂದೆ.

"ನಿಮ್ ಪಾದ್ರಿ ಎಲ್ಡು ಮಾತಾಡಿ ಸುಮ್ಕಾದ್ನಲ್ಲ! ನಾನು ನಿನ್ ಮಕಾನೇ ನೋಡ್ತಾ ನಿಂತಿದ್ನಪ್ಪ. ನೀನು ಅಳ್ತಿದ್ದೆ ಬ್ಯಾರೆ."

ಚಹಾದ ಲೋಟ ಕೆಳಗಿಟ್ಟೆ. ಬುದ್ಧಿ ಬಂದಾಗಿನಿಂದ ನಾನು ಯಾರಿಗಾಗಿಯೂ ಏನನ್ನೂ ಬೇಡಿಕೊಂಡವನಲ್ಲ. ಆ ದನಿ ನನ್ನದಲ್ಲ ಎಂದು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ. ಆದರೆ ಅಲ್ಲಿ ನಾನು ನೋಡದೇ ಉಳಿದ ಬಾಯಿ ನನ್ನದೊಂದೇ.