ಬೇಡ ಎಂದ ಒಂದು ಕೈ

ಅವತ್ತು ಬೇಡ ಎಂದು ಕೈ ಎತ್ತಿದವನು ನಾನಲ್ಲ. ನಮ್ಮ ಪುಟ್ಟ ಫುಟ್‌ಬಾಲ್ ಕ್ಲಬ್ಬನ್ನು ಒಂದು ಕಂಪನಿಯ ಟೀಮಿನೊಳಗೆ ಸೇರಿಸಿಬಿಡುವ ಮಾತು ಬಂದಾಗ ನಾನು ಬೇಕು ಎಂದೇ ಕೈ ಎತ್ತಿದೆ. ಆಮೇಲೆ ಮೆಟ್ಟಿಲಿಳಿದು ಬೀದಿಗೆ ಬಂದು, ಬೇಡ ಎಂದವನು ನಾನೇ ಎಂದು ಹೇಳಿದೆ. ಇಷ್ಟೇ — ಎರಡು ಮಾತಿನಲ್ಲಿ ಮುಗಿಯುವ ಸಂಗತಿ. ಈ ಎರಡು ಮಾತು ಬಾಯಿಗೆ ಬರಲು ನನಗೆ ಎಂಟು ವರ್ಷ ಹಿಡಿಯಿತು. ಅಷ್ಟರಲ್ಲಿ ಅದನ್ನು ಕೇಳಿಸಿಕೊಳ್ಳಬೇಕಾಗಿದ್ದ ಮನುಷ್ಯ ಹೊರಟುಹೋದರು.

ಚಾಮರಾಜಪೇಟೆಯ ಹಳಬರಿಗೆ ನಮ್ಮ ಕ್ಲಬ್ಬು ಗೊತ್ತಿರುತ್ತದೆ. ಜೆರ್ಸಿಯ ಬಣ್ಣ ಅರಿಶಿನ, ಹಾಗಾಗಿ ಅರಿಶಿನ ಟೀಮು ಎಂದೇ ಎಲ್ಲರ ಬಾಯಲ್ಲಿ. ನಾವು ಮೂವರು ಅದರ ಡೈರೆಕ್ಟರುಗಳು. ಡೈರೆಕ್ಟರ್ ಎಂದರೆ ಏನೋ ಭಾರಿ ಎಂದುಕೊಳ್ಳಬೇಡಿ — ಸಂಬಳವಿಲ್ಲ, ಸಾರಿಗೆಯಿಲ್ಲ, ಹೆಂಡತಿಯ ಕೈಲಿ ಬೈಗುಳ ಮಾತ್ರ ಧಾರಾಳ. ಅಧ್ಯಕ್ಷರು ಒಂದು ಮದುವೆ ಛತ್ರದ ಮಾಲೀಕರು. ಪುಟ್ಟಸ್ವಾಮಣ್ಣನದು ಪೇಂಟ್ ಅಂಗಡಿ; ಟೀಮು, ಮೈದಾನ ಎಲ್ಲ ಅವರ ಜವಾಬ್ದಾರಿ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕ್ಯಾನ್ವಾಸ್ ಷೂ ಹಾಕಿಕೊಂಡು ಬಂದು, ಶಾಲೆಯ ಮೈದಾನಕ್ಕೆ ತಾವೇ ಸುಣ್ಣದ ಗೆರೆ ಎಳೆಯುತ್ತಿದ್ದರು. ಇನ್ಶೂರೆನ್ಸ್ ಆಫೀಸಿನಲ್ಲಿದ್ದ ನನ್ನನ್ನು ಕ್ಲಬ್ಬಿಗೆ ಕರೆತಂದವರೂ ಅವರೇ. "ನಿಂಗೆ ಮಾತಾಡೋಕೆ ಬರುತ್ತೆ ಮೂರ್ತಿ, ನೀನು ಜನಾನ ನೋಡ್ಕೋ" ಎಂದರು.

ಜನವನ್ನು ನೋಡಿಕೊಳ್ಳುವುದು ಎಂದರೆ ಅಭಿಮಾನಿಗಳನ್ನು. ಪಕ್ಕದ ಬೀದಿಗಳವರು, ಕಾಟನ್‌ಪೇಟೆಯ ಅಂಗಡಿ ಹುಡುಗರು, ಒಂದಷ್ಟು ಹೆಂಗಸರು. ಅವರ ಮುಂದಾಳು ಸೀನ — ಕಾಟನ್‌ಪೇಟೆಯಲ್ಲಿ ಬ್ಯಾಗಿನ ಅಂಗಡಿಯಲ್ಲಿದ್ದ, ತಮಟೆ ಬಾರಿಸಿದರೆ ಎದುರು ಟೀಮಿನವರ ಕಾಲೂ ತಾಳಕ್ಕೆ ಬೀಳಬೇಕು. ಅವರ ದೂರು ಕೇಳುವುದು, ರೆಫ್ರಿಯ ಮೇಲೆ ಏರಿಹೋದಾಗ ಹಿಡಿದು ನಿಲ್ಲಿಸುವುದು, ಮನೆಯ ನಾಮಕರಣಕ್ಕೂ ಸಾವಿಗೂ ಹೋಗಿ ನಿಲ್ಲುವುದು ನನ್ನ ಕೆಲಸ. ಚೆನ್ನಾಗಿಯೇ ಮಾಡಿದೆ. ಏಕೆಂದರೆ — ಇದನ್ನೂ ಹೇಳಿಬಿಡುತ್ತೇನೆ — ಎಲ್ಲರೂ ನನ್ನನ್ನು ಇಷ್ಟಪಡಬೇಕು ಎಂಬುದು ನನಗೊಂದು ಚಟ. ಕೆಲವರಿಗೆ ಎಲೆ ಅಡಿಕೆ ಹೇಗೋ ಹಾಗೆ.

ಪುಟ್ಟಸ್ವಾಮಣ್ಣನಿಗೆ ಆ ಚಟವಿರಲಿಲ್ಲ. ಪಟಾಕಿ ಹೊಡೆದರೆ ಗದರುತ್ತಿದ್ದರು. ರೆಫ್ರಿಗೆ ಕೆಟ್ಟ ಮಾತು ಬೈದವನನ್ನು ಮೈದಾನದಿಂದಲೇ ಎಬ್ಬಿಸಿ ಕಳಿಸುತ್ತಿದ್ದರು. ನಕ್ಕದ್ದು ಅಪರೂಪ. ಜನಕ್ಕೆ ಅವರ ಮೇಲೆ ಗೌರವವಿತ್ತು, ಸಲಿಗೆ ಇರಲಿಲ್ಲ. ನನ್ನ ಸುಳ್ಳು ಅಷ್ಟು ಸಲೀಸಾಗಿ ನಾಟಿದ್ದು ಈ ಕಾರಣಕ್ಕೇ.

ನಮ್ಮ ಮೀಟಿಂಗು ನಡೆಯುತ್ತಿದ್ದದ್ದು ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಗಿರಣಿಗೆ ಮೆಣಸಿನಕಾಯಿ ಹಾಕಿದರೆ ಮೇಲೆ ನಾವು ಮೂವರೂ ಸೀನುತ್ತಾ ಕೂರಬೇಕು. ಅಲ್ಲಿ ಪುಟ್ಟಸ್ವಾಮಣ್ಣ ಮೊದಲಿನಿಂದಲೂ ಒಂದು ಕಟ್ಟುಪಾಡು ಇಟ್ಟಿದ್ದರು: "ಮೇಲೆ ಎಷ್ಟು ಬೇಕಾದ್ರೂ ಜಗಳ ಆಡೋಣ. ಮೆಟ್ಲು ಇಳಿದ ಮೇಲೆ ಮೂವರದ್ದೂ ಒಂದೇ ಮಾತು. ಯಾರು ಏನಂದ್ರು ಅನ್ನೋದು ಮನೇಲೂ ಹೇಳೋ ಹಾಗಿಲ್ಲ." ಪುಟ್ಟ ಕ್ಲಬ್ಬುಗಳು ಒಡೆಯುವುದೇ ಮೀಟಿಂಗಿನ ಮಾತು ಬೀದಿಗೆ ಬಂದು ಎಂದು ಅವರ ನಂಬಿಕೆ. ನಾವೂ ಒಪ್ಪಿದ್ದೆವು.

ಆ ವರ್ಷ ನಮಗೆ ಆಟಗಾರರೇ ಸಿಗುತ್ತಿರಲಿಲ್ಲ. ಶಾಲೆಯವರು ಇನ್ನು ಮೈದಾನ ಕೊಡುವುದು ಕಷ್ಟ ಎಂದಿದ್ದರು. ಆಗ ಆ ಕಂಪನಿಯವರು ಬಂದರು — ನಿಮ್ಮ ಹುಡುಗರನ್ನು ನಮ್ಮ ಟೀಮಿಗೆ ಸೇರಿಸಿಕೊಳ್ಳುತ್ತೇವೆ, ಆದರೆ ಹೆಸರು ನಮ್ಮದು, ಬಣ್ಣ ನಮ್ಮದು, ಆಟ ಊರಾಚೆಯ ನಮ್ಮ ಮೈದಾನದಲ್ಲಿ. ಅಧ್ಯಕ್ಷರು ಬೇಕು ಎಂದರು. ನಾನೂ ಬೇಕು ಎಂದೆ. ದಣಿದಿದ್ದೆ. ಹುಡುಗರಿಗಾದರೂ ಒಳ್ಳೆಯದಾಗಲಿ ಎಂದುಕೊಂಡೆ. ಪುಟ್ಟಸ್ವಾಮಣ್ಣ ಒಬ್ಬರೇ ಬೇಡ ಎಂದು ಕೈ ಎತ್ತಿದರು. ಎತ್ತಿ, ನಮ್ಮಿಬ್ಬರ ಮುಖವನ್ನೂ ನೋಡಿ, "ಸರಿ, ಆಯ್ತಲ್ಲ, ಇನ್ಮೇಲೆ ಇದು ನಂದೂ ತೀರ್ಮಾನ" ಎಂದು ಕೈ ಇಳಿಸಿದರು. ನಾನು ಆವತ್ತು ಕೈ ಎತ್ತಿದ್ದು ಸರಿಯೋ ತಪ್ಪೋ ಈಗಲೂ ನನಗೆ ಗೊತ್ತಿಲ್ಲ. ನಾನು ಒಪ್ಪಿಕೊಳ್ಳಲು ಹೊರಟಿರುವುದು ಅದನ್ನಲ್ಲ.

ಕೆಳಗೆ ಗಿರಣಿಯ ಮುಂದೆ ಜನ ಸೇರಿತ್ತು. ಅಧ್ಯಕ್ಷರು ಮೊದಲು ಇಳಿದುಹೋದರು. ಕೂಗಾಟ ಜಾಸ್ತಿಯಾದಾಗ ಅವರು ತಡೆಯಲಾರದೆ, "ಇಬ್ಬರು ಬೇಕು ಅಂದ್ವಿ, ಒಬ್ಬರು ಬೇಡ ಅಂದ್ರು, ಮುಗೀತು ಬಿಡ್ರಪ್ಪ" ಎಂದು ಕಾರು ಹತ್ತಿಬಿಟ್ಟರು. ಆಮೇಲೆ ಇಳಿದವನು ನಾನು. ಸೀನ ನನ್ನ ಕೈ ಹಿಡಿದುಕೊಂಡ. ಅವನ ಕಣ್ಣು ಕೆಂಪಾಗಿತ್ತು.

"ಸಾರ್, ಬೇಡ ಅಂದಿದ್ದು ನೀವೇ ತಾನೇ?"

ಕೇಳಿದ್ದು ಹಾಗೆ — ಇಲ್ಲ ಎನ್ನುವುದಕ್ಕೆ ಜಾಗವೇ ಬಿಡದ ಹಾಗೆ. ಸುತ್ತ ಅಷ್ಟೂ ಮುಖಗಳು. ಅವರ ಮನೆಗಳಲ್ಲಿ ಊಟ ಮಾಡಿದ್ದೆ, ಅವರ ಮಕ್ಕಳನ್ನು ಎತ್ತಿದ್ದೆ. ಮೂವರ ತೀರ್ಮಾನ ಕಣೋ ಎಂದಿದ್ದರೆ ಸಾಕಿತ್ತು. ಅದೇ ನಿಯಮ. ಆದರೆ ಆ ಮುಖಗಳು ನನ್ನಿಂದ ತಿರುಗಿಬಿಡುತ್ತವಲ್ಲ ಎಂದು — ನಿಜ ಹೇಳುತ್ತೇನೆ, ಅಷ್ಟಕ್ಕೇ —

"ಹೂಂ ಕಣೋ ಸೀನ. ನಾನೇ. ಏನ್ ಮಾಡ್ಲಿ, ಒಬ್ಬನೇ ಆಗ್ಬಿಟ್ಟೆ" ಎಂದೆ.

ನಾನು ಇನ್ನೊಬ್ಬರ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯ ಎಲ್ಲಿತ್ತು? ಮೂವರಲ್ಲಿ ಬೇಡ ಎಂದವನು ನಾನಾದರೆ ಉಳಿದವರು ಯಾರೆಂದು ಎಣಿಸಲು ಬಾರದವರು ಯಾರಿದ್ದಾರೆ? ಸೀನ ನನ್ನನ್ನು ತಬ್ಬಿಕೊಂಡು ಅತ್ತ. ಅದೇ ಹೊತ್ತಿಗೆ ಪುಟ್ಟಸ್ವಾಮಣ್ಣ ಮೆಟ್ಟಿಲಿಳಿದರು. "ಟೀಮ್ ಮಾರ್ದೋನು ಬಂದ ನೋಡ್ರೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಪುಟ್ಟಸ್ವಾಮಣ್ಣನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಸೀನನ ತೋಳಿನಲ್ಲಿದ್ದ ನನ್ನನ್ನು ನೋಡಿದರು. ಚಪ್ಪಲಿ ಮೆಟ್ಟಿಕೊಂಡು, ಜನರ ನಡುವೆಯೇ ದಾರಿ ಮಾಡಿಕೊಂಡು ಹೋದರು.

ಅದೇ ಸಂಜೆ ಫೋನ್ ಮಾಡಿದೆ. ಅಣ್ಣ, ಬಾಯಿ ತಪ್ಪಿ ಬಂದುಬಿಡ್ತು ಎಂದೆ. ಅವರು, "ನಾನಾಗಿ ಮೀಟಿಂಗ್ ಮಾತು ಹೊರಗೆ ತರಲ್ಲ ಮೂರ್ತಿ. ನೀನು ಹೇಳಿದ್ದು, ನೀನೇ ಸರಿ ಮಾಡು. ಕಾಯ್ತೀನಿ" ಎಂದರು. ಭಾನುವಾರವೇ ಸರಿ ಮಾಡುತ್ತೇನೆ ಅಣ್ಣ ಎಂದೆ.

ಯಾವ ಭಾನುವಾರ ಎಂದು ಅವರು ಕೇಳಲಿಲ್ಲ.

ಸರಿ ಮಾಡುವುದಿರಲಿ, ನಾನು ಆ ಸುಳ್ಳಿನ ಮೇಲೆ ಕುರ್ಚಿ ಹಾಕಿಕೊಂಡು ಕೂತೆ. ಕಂಪನಿಗೆ ಹೋದ ಟೀಮಿನ ಹಿಂದೆ ನಮ್ಮ ಜನ ಹೋಗಲಿಲ್ಲ. ತಾವೇ ಸೇರಿ ಪುಟ್ಟದೊಂದು ಹೊಸ ಟೀಮು ಕಟ್ಟಿದರು, ಅದೇ ಅರಿಶಿನ ಬಣ್ಣ. ಶಾಲೆಯವರ ಕೈಕಾಲು ಹಿಡಿದು ಭಾನುವಾರಕ್ಕೆ ಮಾತ್ರ ಮೈದಾನ ಕೊಡಿಸಿಕೊಂಡೆವು. ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಒಬ್ಬನೇ ನಿಂತು ಬೇಡ ಎಂದವನಲ್ಲವೇ! ಹಳೆಯ ಅಧ್ಯಕ್ಷರಿಗೆ ಸತ್ಯ ಗೊತ್ತಿತ್ತು, ಆದರೆ ಅದನ್ನು ಕೆದಕಿ ಮತ್ತೆ ಬೈಗುಳ ತಿನ್ನುವುದು ಅವರಿಗೆ ಬೇಡವಾಗಿತ್ತು. ಆಮೇಲೆ ಅವರು ಛತ್ರ ಮಾರಿ ಮಗಳ ಊರಿಗೆ ಹೋದರು.

ಹೊಸ ಟೀಮಿನ ಮೊದಲ ಮ್ಯಾಚಿಗೆ ಪುಟ್ಟಸ್ವಾಮಣ್ಣ ಬಂದರು. ಅದೇ ಷೂ. ಕೈಯಲ್ಲಿ ಸುಣ್ಣದ ಚೀಲ ಹಿಡಿದೇ ಬಂದಿದ್ದರು. ನಾನು ಹಾರ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದೆ. ಅವರು ಗೇಟು ದಾಟಿದ್ದನ್ನು ನೋಡಿ ಸೀನ ತಮಟೆ ನಿಲ್ಲಿಸಿದ. ಒಬ್ಬೊಬ್ಬರಾಗಿ ಎಲ್ಲರೂ ಬೆನ್ನು ತಿರುಗಿಸಿ ನಿಂತರು. ಬೈಯಲಿಲ್ಲ, ಕೂಗಲಿಲ್ಲ — ಹಾಗೆ ಸುಮ್ಮನೆ ನಿಂತರು. ಪುಟ್ಟಸ್ವಾಮಣ್ಣ ನನ್ನ ಕಡೆ ನೋಡಿದರು. ಎದ್ದು ನಿಂತು ಒಂದು ಮಾತು ಹೇಳಬೇಕಿತ್ತು. ನಾನು ಬಗ್ಗಿ ನನ್ನ ಷೂ ಲೇಸು ಕಟ್ಟಿಕೊಂಡೆ, ಅದು ಬಿಚ್ಚಿರಲಿಲ್ಲ. ತಲೆ ಎತ್ತಿದಾಗ ಸುಣ್ಣದ ಚೀಲ ಗೇಟಿನ ಪಕ್ಕದಲ್ಲಿತ್ತು. ಅವರು ಇರಲಿಲ್ಲ. ತಮಟೆ ಮತ್ತೆ ಶುರುವಾಯಿತು.

ಆಮೇಲೆ ಅವರು ಬರಲೇ ಇಲ್ಲ. ಹನುಮಂತನಗರದ ಅವರ ಮನೆಗೆ ನಾನೂ ಹೋಗಲಿಲ್ಲ. ಕೆಲವು ವರ್ಷ ಕಳೆದು, ಒಂದು ಮದುವೆಯಲ್ಲಿ ಅವರ ಹೆಂಡತಿ ಸರೋಜತ್ತಿಗೆ ಸಿಕ್ಕಿದರು. ಅಣ್ಣ ಹೇಗಿದ್ದಾರೆ ಎಂದೆ. "ಏನ್ ಹೇಳ್ಲಿ ಮೂರ್ತಿಯವರೇ, ಭಾನುವಾರ ಬಂದ್ರೆ ಬೆಳಿಗ್ಗೇನೇ ಷೂ ಹಾಕ್ಕೋತಾರೆ. ಹಾಕ್ಕೊಂಡು ಹಾಲ್‌ನಲ್ಲಿ ಕೂತ್ಕೋತಾರೆ. ಎಲ್ಲಿಗೂ ಹೋಗಲ್ಲ. ಹತ್ತು ಗಂಟೆ ಆದ್ಮೇಲೆ ಬಿಚ್ಚಿಡ್ತಾರೆ" ಎಂದರು. ಅವರು ಯಾತಕ್ಕೆ ಕೂರುತ್ತಿದ್ದರು ಎಂದು ಈ ಲೋಕದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಕಾಯುತ್ತೇನೆ ಎಂದಿದ್ದರಲ್ಲ, ಕಾಯುತ್ತಿದ್ದರು. ಅದು ತಿಳಿದ ಮೇಲೂ ನಾನು ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದು ಬಂದೆ.

ಎರಡು ತಿಂಗಳ ಹಿಂದೆ ಅವರು ತೀರಿಕೊಂಡರು. ಸೀನನಿಗೆ ಹೇಳಿದಾಗ ಅವನು ತಲೆ ತಗ್ಗಿಸಿ, "ಹೋದೋರ ಬಗ್ಗೆ ಏನೂ ಅನ್ಬಾರ್ದು ಸಾರ್. ಆದ್ರೆ ನಾವ್ಯಾರೂ ಬರಲ್ಲ" ಎಂದ. ಅಷ್ಟು ವರ್ಷ ಆ ಜನಕ್ಕಾಗಿ ಗೆರೆ ಎಳೆದ ಮನುಷ್ಯನಿಗೆ ಹೆಗಲು ಕೊಡಲು ಕ್ಲಬ್ಬಿನ ಕಡೆಯಿಂದ ಹೋದವನು ನಾನೊಬ್ಬನೇ. ಮೂರ್ತಿ ಸಾರ್‌ದು ದೊಡ್ಡ ಮನಸ್ಸು ಎಂದು ಅದಕ್ಕೂ ನನಗೇ ಹೊಗಳಿಕೆ ಬಂತು.

ಕಾರ್ಯವೆಲ್ಲ ಮುಗಿದ ಮೇಲೆ ಅತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದು, "ನೀವಾದ್ರೂ ಹೇಳಿ. ಟೀಮ್ ಕೊಟ್ಬಿಡೋಣ ಅಂದಿದ್ದು ನಮ್ಮನೆಯವರೇನಾ? ಎಷ್ಟು ಕೇಳಿದ್ರೂ ಮೀಟಿಂಗ್ ಮಾತು ಅಂತ ಬಾಯೇ ಬಿಡ್ಲಿಲ್ಲ" ಎಂದರು.

ಮನೆಯಲ್ಲೂ ಹೇಳಿರಲಿಲ್ಲ. ಕಟ್ಟಿಕೊಂಡ ಹೆಂಡತಿಗೂ. ನಾನು ಮೆಟ್ಟಿಲಿಳಿದ ಕೂಡಲೇ ಮುರಿದ ಮಾತನ್ನು ಅವರು ಸಾಯುವವರೆಗೂ ಕಾಪಾಡಿಕೊಂಡಿದ್ದರು.

ಆಗಲಾದರೂ — ಆಗಲಾದರೂ ಹೇಳಬೇಕಿತ್ತಲ್ಲ. "ಅದೆಲ್ಲ ಹಳೇದು ಬಿಡಿ ಅತ್ತಿಗೆ, ಈಗ್ಯಾಕೆ" ಎಂದೆ. ಅತ್ತಿಗೆ ಹೌದೆಂದೇ ಅರ್ಥ ಮಾಡಿಕೊಂಡು ತಲೆಯಾಡಿಸಿದರು. ಮೊದಲ ಸುಳ್ಳನ್ನು ಜನಜಂಗುಳಿಯಲ್ಲಿ ಹೆದರಿ ಹೇಳಿದೆ ಎನ್ನಬಹುದು. ಇದಕ್ಕೆ ಏನೆನ್ನಲಿ? ಅವತ್ತಿನಿಂದ ನನಗೆ ಅನ್ನ ಇಳಿದಿಲ್ಲ.

ಮೊನ್ನೆ ಗುರುವಾರ ಹೋಗಿ ಹೇಳಿಬಿಟ್ಟೆ. ಅತ್ತಿಗೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಬೇಡ ಎಂದವರು ಅಣ್ಣ ಒಬ್ಬರೇ, ನಾನು ಸುಳ್ಳು ಹೇಳಿದೆ, ಅವರು ಭಾನುವಾರಗಳಲ್ಲಿ ಕಾದದ್ದು ನನಗಾಗಿ — ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಬೈಸಿಕೊಂಡರೆ ಹಗುರವಾಗುತ್ತದೆ ಎಂದು ಆಸೆಪಟ್ಟಿದ್ದೆ. ಅವರು ಬೈಯಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಹಿಡಿದುಕೊಂಡು ಗೋಡೆ ನೋಡಿದರು.

"ನೀವೇ ಕೊಟ್ಬಿಟ್ಟ ಟೀಮು, ಈಗ ಯಾಕ್ರೀ ಷೂ ಹಾಕ್ಕೊಂಡು ಕೂರ್ತೀರ ಅಂತ ಪ್ರತಿ ವಾರ ಅಂತಿದ್ದೆ ನಾನು. ಪ್ರತಿ ವಾರ. ಅಲ್ಲ ಕಣೇ ಅಂತ ಒಂದಿನ ಅನ್ಬಾರ್ದಿತ್ತಾ ಅವರು?"

ನನ್ನ ತಲೆಯ ಮೇಲಿನ ಭಾರ ಇಳಿಯಲಿಲ್ಲ. ಅದರಲ್ಲಿ ಒಂದು ಪಾಲು ಅವರ ಮಡಿಲಿಗೂ ಬಿತ್ತು, ಅಷ್ಟೇ. ಬಹಳ ಹೊತ್ತಾದ ಮೇಲೆ ಅತ್ತಿಗೆ ಕಣ್ಣೊರೆಸಿಕೊಂಡು, ಈ ಭಾನುವಾರ ಮ್ಯಾಚ್ ಇದೆಯೇ ಎಂದು ಕೇಳಿದರು. ಇದೆ ಎಂದೆ.

"ನಂಗೊಬ್ಬಳಿಗೆ ಹೇಳಿ ಏನ್ ಬಂತು? ಅಲ್ಲಿ ಹೇಳಿ. ನಾನೂ ಬರ್ತೀನಿ."

"ನಾನೇ ಬಂದು ಕರ್ಕೊಂಡು ಹೋಗ್ತೀನಿ ಅತ್ತಿಗೆ."

"ಬೇಡ. ಬಸ್ಸಲ್ಲಿ ಬರ್ತೀನಿ. ನಿಮ್ಮ ಜೊತೆ ಬಂದ್ರೆ ಅದಕ್ಕೂ ಜನ ನಿಮ್ಮನ್ನೇ ಹೊಗಳ್ತಾರೆ."

ನಾಳೆ ಭಾನುವಾರ. ಸೀನನಿಗೆ ಮೊದಲೇ ಏನೂ ಹೇಳಿಲ್ಲ. ಹೇಳಿದರೆ ಅವನು ನನ್ನನ್ನು ಕ್ಷಮಿಸಲು ದಾರಿ ಹುಡುಕುತ್ತಾನೆ, ನಾನೂ ಒಪ್ಪಿಕೊಂಡುಬಿಡುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು. ಆಟ ಶುರುವಾಗುವ ಮುಂಚೆ, ಕುರ್ಚಿಯಲ್ಲಿ ಕೂರದೆ, ಎಲ್ಲರ ಎದುರು ನಿಂತು ಹೇಳುತ್ತೇನೆ. ತಮಟೆ ನಿಲ್ಲುತ್ತದೆ. ನಿಲ್ಲಬೇಕು, ಅದು ನಿಲ್ಲಬೇಕಾಗಿದ್ದದ್ದು ನನಗೆ. ಆ ಬೆನ್ನುಗಳ ನಡುವೆ ಪುಟ್ಟಸ್ವಾಮಣ್ಣ ನಡೆದ ದಾರಿಯಲ್ಲೇ ನಾನೂ ಗೇಟಿನವರೆಗೆ ನಡೆದುಹೋಗುತ್ತೇನೆ.