ದಸ್ತಗೀರನ ಮೆಣಸಿನಕಾಯಿ ಸರ

ದಸ್ತಗೀರ್ ಸಿಟ್ಟಿನ ಮನುಷ್ಯ. ಇದನ್ನು ಮೊದಲೇ ಬರೆದುಬಿಡಬೇಕು. ಹೋದ ತಿಂಗಳು ಬ್ಯಾಡಗಿಯಲ್ಲಿ ಅವನ ಓಣಿಯವರು ಅವನ ನೆನಪಿಗೆಂದು ಸಭೆ ಸೇರಿಸಿದ್ದರು. ಮಾತಾಡಿದವರೆಲ್ಲ ಅವನು ಶಾಂತ ಸ್ವಭಾವದವನು, ಯಾರಿಗೂ ಎದುರು ಮಾತಾಡಿದವನಲ್ಲ ಎಂದು ಹೊಗಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೈ ಉರಿಯಿತು. ಒಂದು ಕಾಲಕ್ಕೆ ಆ ಮನುಷ್ಯ ಒದರಿದರೆ ರಾಣೇಬೆನ್ನೂರಿನ ನಮ್ಮ ಗೋದಾಮಿನ ತಗಡಿನ ಮೇಲೆ ಕೂತ ಪಾರಿವಾಳಗಳು ಹಾರಿ ಹೋಗುತ್ತಿದ್ದವು. ಅವನು ಶಾಂತನಾಗಿ ಹುಟ್ಟಿದವನಲ್ಲ. ಅವನನ್ನು ಶಾಂತ ಮಾಡಿದವನು ನಾನು. ಅದನ್ನು ಆ ಸಭೆಯಲ್ಲಿ ಎದ್ದು ಹೇಳುವ ಧೈರ್ಯ ನನಗಾಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಅಗಡಿಯವನು. ಹತ್ತನೇ ಇಯತ್ತೆ ಪಾಸು ಮಾಡಿ ರಾಣೇಬೆನ್ನೂರಿನ ಒಂದು ಸಣ್ಣ ಬೀಜದ ಕಂಪನಿಯಲ್ಲಿ ದಾಸ್ತಾನು ನೋಡುವ ಕೆಲಸಕ್ಕೆ ಸೇರಿದೆ. ದಿನಾ ಹಾವೇರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೋಗುತ್ತಿದ್ದೆ. ದಸ್ತಗೀರ್ ಬ್ಯಾಡಗಿಯಿಂದ ಬರುತ್ತಿದ್ದ. ನನಗಿಂತ ಚಿಕ್ಕವನು. ಮಾಲೀಕರನ್ನು ನಾವೆಲ್ಲ ಸಾವ್ಕಾರ್ರು ಎನ್ನುತ್ತಿದ್ದೆವು. ಹಳ್ಳಿ ಹಳ್ಳಿಯಿಂದ ಹಳೆಯ ಮೆಣಸಿನ ತಳಿಗಳನ್ನು ಕೂಡಿಸಿ, ಅವುಗಳಿಂದ ಹೊಸ ತಳಿ ಎಬ್ಬಿಸಬೇಕೆಂಬುದು ಅವರ ಆಸೆ. ಕೂಡಿಸುವ ಕೆಲಸ ದಸ್ತಗೀರನದು. ತಂದ ಬೀಜವನ್ನು ಪೊಟ್ಟಣ ಕಟ್ಟಿ, ಮೇಲೆ ಬರೀ ಒಂದು ಅಂಕಿ ಹಾಕಿ ತಂಪು ಕೋಣೆಯಲ್ಲಿ ಇಡುತ್ತಿದ್ದೆವು. ಆ ಅಂಕಿ ಯಾವ ಊರಿನದು, ಯಾರ ಮನೆಯದು, ಅವರಿಗೆ ಯಾರು ಕೊಟ್ಟದ್ದು, ಬಣ್ಣವೆಷ್ಟು, ಖಾರವೆಷ್ಟು ಎಂಬುದೆಲ್ಲ ಕಂಪ್ಯೂಟರಿನ ಒಂದು ಕೋಷ್ಟಕದಲ್ಲಿತ್ತು. ಮೊದಲು ಚೀಟಿಗಳಲ್ಲೂ ಇತ್ತು. ಕಂಪ್ಯೂಟರಿಗೆ ಏರಿಸಿದ ಮೇಲೆ ಸಾವ್ಕಾರ್ರು ಚೀಟಿಗಳನ್ನು ರದ್ದಿಗೆ ಹಾಕಿಸಿದರು. ಗೋಣಿಯಲ್ಲಿ ತುಂಬಿ ಹಾಕಿದವನು ನಾನೇ.

"ಬೀಜಕ್ಕ ಹೆಸರಿಲ್ಲಂದ್ರ ಅದು ಬೀಜ ಅಲ್ಲರಿ, ಬರೇ ಕಾಳು," ಎನ್ನುತ್ತಿದ್ದ ದಸ್ತಗೀರ್. ಯಾರಾದರೂ ಅರ್ಧಂಬರ್ಧ ವಿವರ ತಂದರೆ ಮುಖಕ್ಕೇ ಹೇಳುತ್ತಿದ್ದ, "ಕಾಳು ತಂದೀರಿ. ಒಯ್ದು ಒಗ್ಗರಣಿಗೆ ಹಾಕ್ರಿ."

ಅವನ ತಂದೆ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊಲಿಯುತ್ತಿದ್ದವರು. ಕಾಯಿಯನ್ನು ತುಳಿದು ಒತ್ತಿ ತುಂಬಿದ ಮೇಲೆ ದಬ್ಬಣದಿಂದ ಬಾಯಿ ಹೊಲಿದರೆ ಅದನ್ನು ಸೇರಬೇಕಾದ ಊರಲ್ಲೇ ಬಿಚ್ಚಬೇಕು. ಮಗನಿಗೆ ಕಂಪ್ಯೂಟರಿನಲ್ಲೂ ಅದೇ ಗೀಳು. ಒಂದು ಹಂಗಾಮಿನ ಕೆಲಸ ಮುಗಿಯಿತೆಂದರೆ ಆ ಹಂಗಾಮಿನ ಕೋಷ್ಟಕವನ್ನು ಒತ್ತಿ ಸಣ್ಣದು ಮಾಡಿ, ಓದಲು ಮಾತ್ರ ಬರುವಂತೆ ಕಟ್ಟಿಡುತ್ತಿದ್ದ. ಅದಕ್ಕೆ ಮೌಸು ಗೀಸು ಇಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಬಡಿಯುತ್ತಿದ್ದ, ಅಷ್ಟೇ. ಅಂಕಿಗಳು ಓಡತೊಡಗುತ್ತಿದ್ದವು.

"ಅದು ಏನ್ ಮಾಡ್ತೈತೋ ದಸ್ತಗೀರ್?" ಎಂದು ಒಮ್ಮೆ ಕೇಳಿದ್ದೆ.

"ನೋಡ್ರಿ ಚನ್ನಪ್ಪಣ್ಣ, ಇದರಾಗ ಕಾಗಿನೆಲಿ ಅಂತ ಎಷ್ಟ್ ಸಲ ಬರದೇವಿ? ಮತ್ತ ಮತ್ತ ಬರೋ ಮಾತಿಗೆ ಅದು ಒಂದು ಸಣ್ಣ ಗುರ್ತು ಕೊಡ್ತೈತಿ. ಅದಕ್ಕ ಗಾತ್ರ ಅರ್ಧಕ್ಕಿಂತ ಕಡಿಮಿ ಆಗ್ತೈತಿ. ಆಮ್ಯಾಲ ಓದಬಹುದು, ಹುಡುಕಬಹುದು. ತಿದ್ದಾಕ ಮಾತ್ರ ಬರಂಗಿಲ್ಲ. ಸಾವ್ಕಾರ್ರ ಅಪ್ಪ ಎದ್ದು ಬಂದ್ರೂ ಬರಂಗಿಲ್ಲ."

"ತಿದ್ದಬೇಕಂದ್ರ?"

"ನಾ ಬಿಚ್ಚಬೇಕು. ನಾ ಬಿಚ್ಚಂಗಿಲ್ಲ."

ಆ ಕೆಲಸಕ್ಕೊಂದು ಕಟ್ಟಳೆ ಇತ್ತು. ಮೊದಲು ಸರ್ವರ್ ನಿಲ್ಲಿಸಬೇಕು. ಸರ್ವರ್ ಎಂದರೆ, ನಾವು ಯಾವ ಕಂಪ್ಯೂಟರಿನಿಂದ ಕೇಳಿದರೂ ಕೋಷ್ಟಕ ತೆರೆದು ತೋರಿಸುವ, ನಾವು ಬರೆದದ್ದನ್ನು ಅದರಲ್ಲಿ ಇಳಿಸುವ ಪ್ರೋಗ್ರಾಮು. ಅದು ನಿಂತ ಮೇಲೆ ಒತ್ತುವ ಆಜ್ಞೆ. ಆಮೇಲೆ ಸೂಚಿಯನ್ನು, ಎಂದರೆ ಯಾವ ವಿವರ ಎಲ್ಲಿದೆ ಎಂದು ತೋರಿಸುವ ಪಟ್ಟಿಯನ್ನು, ಹೊಸದಾಗಿ ಕಟ್ಟುವ ಆಜ್ಞೆ. ಅದೆಲ್ಲ ಮುಗಿದ ಮೇಲೆಯೇ ಮತ್ತೆ ಸರ್ವರ್ ಚಾಲೂ. ನಡುವೆ ಯಾರಾದರೂ ಕೋಷ್ಟಕ ತೆರೆದು ಬರೆದರೆ ಹೊಲಿಯುತ್ತಿರುವ ಚೀಲದಲ್ಲಿ ಕೈ ಹಾಕಿದಂತೆ. ಅದಕ್ಕೆ ದಸ್ತಗೀರ್ ಒಂದು ಗುರುತು ಮಾಡಿದ್ದ. ಕೆಲಸ ಶುರುವಾದ ಕೂಡಲೇ ಆ ಕಂಪ್ಯೂಟರಿನ ಪರದೆಗೆ ಒಣ ಮೆಣಸಿನಕಾಯಿಯ ಒಂದು ಸರ ತೂಗುಹಾಕುತ್ತಿದ್ದ. ಕೆಂಪಗೆ, ನಿರಿಗೆ ನಿರಿಗೆಯಾದ ಬ್ಯಾಡಗಿ ಕಾಯಿ. ಸರ ತೂಗುತ್ತಿದ್ದರೆ ಕಸ ಹೊಡೆಯುವ ಹೆಂಗಸು ಕೂಡ ಆ ಮೇಜಿನ ಹತ್ತಿರ ಹೋಗುತ್ತಿರಲಿಲ್ಲ. ಬೋರ್ಡು ಬರೆದು ಹಾಕಬಾರದೇ ಎಂದರೆ, "ಬರದಿದ್ದನ್ನ ಯಾರ್ ಓದ್ತಾರ್ರಿ ಇಲ್ಲೆ? ಖಾರ ಎಲ್ಲಾರಿಗೂ ತಿಳಿತೈತಿ," ಎಂದಿದ್ದ.

ಕಾಗಿನೆಲೆಯ ಗಂಗವ್ವನ ವಿಷಯ ಹೇಳಬೇಕು. ಆ ಮುದುಕಿ ತನ್ನ ಮನೆಯ ಮೆಣಸಿನ ಬೀಜ ಕೊಡಲು ಒಂದು ವರ್ಷ ಸತಾಯಿಸಿದಳು. ಕೊನೆಗೆ ಕೊಟ್ಟಾಗ ನಾನೂ ಜೊತೆಗಿದ್ದೆ. "ಇದು ನಂದಲ್ಲಪಾ, ನಮ್ಮ ಅತ್ತಿ ಉಳಿಸಿದ್ದು. ಹೆಸರು ಹಾಕೋದಿದ್ರ ಆಕೀದು ಹಾಕು. ಆಕಿ ಹೆಸರು ಇನ್ನೆಲ್ಲೂ ಇಲ್ಲ, ಹೊಲದ ಉತಾರದ ಕಾಗದದಾಗೂ ಇಲ್ಲ," ಎಂದಳು. ಅತ್ತೆಯ ಹೆಸರು ನಿಂಗವ್ವ. ದಸ್ತಗೀರ್ ಹಾಕಿದ. ಆಮೇಲೆ ಅವನು ಆ ಊರಿಗೆ ಹೋದಾಗಲೆಲ್ಲ ಗಂಗವ್ವ ಬಸ್ ನಿಲ್ದಾಣಕ್ಕೆ ಬಂದು ಕೇಳುತ್ತಿದ್ದಳು, "ನಮ್ಮ ಅತ್ತಿ ಅದಾಳಿಲ್ಲೋ ನಿನ್ನ ಡಬ್ಬ್ಯಾಗ?" ಇವನು, "ಅದಾಳಬೇ, ಆರಾಮ ಅದಾಳ," ಎನ್ನುತ್ತಿದ್ದ. ಸಿಟ್ಟಿನ ಮನುಷ್ಯ ನಗುತ್ತಿದ್ದದ್ದು ಅಲ್ಲಿ.

ಆ ನಿಂಗವ್ವನ ಬೀಜವೇ ಎಲ್ಲಕ್ಕಿಂತ ಬಣ್ಣದ್ದು ಎಂದು ಮುಂದೆ ಗೊತ್ತಾಯಿತು. ಸಾವ್ಕಾರ್ರು ದಸ್ತಗೀರನನ್ನು ಕರೆದರು. "ಆ ನಿಂಗವ್ವನ ಹೆಸರು ತಗದು ಕಂಪನಿ ಹೆಸರು ಹಾಕು. ನಾಳೆ ದೊಡ್ಡ ಮಂದಿ ಬಂದು ನೋಡ್ತಾರ."

"ಆಗಂಗಿಲ್ರಿ."

"ನಾ ಹೇಳಾಕತ್ತೇನಿ."

"ನೀವು ಹೇಳಾಕತ್ತೀರಿ, ನಾ ಕೇಳಾಕತ್ತೇನಿ. ಆಗಂಗಿಲ್ರಿ. ನೀವೇನು ಆ ಬೀಜ ಹಡದೀರೇನು?"

ಅಂದು ಪಾರಿವಾಳ ಎದ್ದದ್ದು ನಾನು ಕಣ್ಣಾರೆ ಕಂಡಿದ್ದೇನೆ.

ಎಲ್ಲ ಹಂಗಾಮುಗಳ ವಿವರ ಒಟ್ಟು ಮಾಡಿ ಒಂದೇ ಕೋಷ್ಟಕ ಮಾಡಿ ಕಟ್ಟಿಡಬೇಕೆಂದು ದಸ್ತಗೀರ್ ಆಗಲೇ ನಿಶ್ಚಯಿಸಿದ. ಬಾಯಿ ಹೊಲಿದರೆ ಸಾವ್ಕಾರ್ರ ಕೈ ಒಳಗೆ ಹೋಗುವುದಿಲ್ಲ ಎಂಬುದು ಅವನ ಲೆಕ್ಕ. ಡಿಸ್ಕು ತುಂಬಿತ್ತು. ಇನ್ನೊಂದು ಪ್ರತಿ ಇಡಲು ಹೊಸ ಡಿಸ್ಕು ಕೊಡಿಸಿರಿ ಎಂದು ತಿಂಗಳುಗಟ್ಟಲೆ ನನ್ನನ್ನು ಕೇಳಿದ್ದ. ಸಾಮಾನು ತರಿಸುವುದು ನನ್ನ ಕೆಲಸ. ಮುಂದಿನ ವಾರ, ಮುಂದಿನ ವಾರ ಎಂದು ನೂಕಿದೆ. ಕೊನೆಗೆ ಅವನು ಬೇಸತ್ತು, ಹಳೆಯ ಕೋಷ್ಟಕಗಳನ್ನು ಅಳಿಸಿ ಜಾಗ ಮಾಡಿಕೊಂಡ.

ಅಂದು ಶುಕ್ರವಾರ. ಮಧ್ಯಾಹ್ನ ಸರ್ವರ್ ನಿಲ್ಲಿಸಿ, ಆಜ್ಞೆ ಕೊಟ್ಟು, ಸರ ತೂಗುಹಾಕಿ ನಮಾಜಿಗೆ ಹೋದ. ಹೋಗುವಾಗ ನನಗೆ, "ಚನ್ನಪ್ಪಣ್ಣ, ಇದು ದೊಡ್ಡದೈತಿ, ಹೊತ್ತು ಹಿಡಿತೈತಿ. ಸ್ವಲ್ಪ ನಿಗಾ ಇಡ್ರಿ," ಎಂದ.

ಅವನು ಹೋದ ಸ್ವಲ್ಪ ಹೊತ್ತಿಗೆ ಸಾವ್ಕಾರ್ರು ಹೊರಗಿನ ಅತಿಥಿಗಳನ್ನು ಕರೆದುಕೊಂಡು ಬಂದರು. ತಳಿಗಳ ಪಟ್ಟಿ ತೋರಿಸಬೇಕಂತೆ. "ಅಂವಾ ಎಲ್ಲಿ?" ಎಂದರು. ನಮಾಜಿಗೆ ಹೋಗ್ಯಾನ್ರಿ ಎಂದೆ. "ಹಂಗಾರ ನೀನ ತೆಗಿ. ನಿನಗ ಬರಂಗಿಲ್ಲೇನು?"

ಬರುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಸರ ತೂಗೈತ್ರಿ ಎಂದರೂ ಮುಗಿಯುತ್ತಿತ್ತು. ಆದರೆ ಅತಿಥಿಗಳು ಇಸ್ತ್ರಿ ಅಂಗಿಯ ಮಂದಿ, ಎಲ್ಲರೂ ನನ್ನತ್ತ ನೋಡುತ್ತಿದ್ದರು. "ಬರ್ತೈತ್ರಿ," ಎಂದೆ. ಮುಂಜಾನೆ ಮೊದಲು ಬರುವವನು ನಾನಾದ್ದರಿಂದ ಸರ್ವರ್ ಚಾಲೂ ಮಾಡುವುದನ್ನು, ನಿಲ್ಲಿಸುವುದನ್ನು ದಸ್ತಗೀರನೇ ನನಗೆ ಕಲಿಸಿದ್ದ. ನಾನು ಸರ ತೆಗೆದು ಪಕ್ಕಕ್ಕಿಟ್ಟೆ. ಸರ್ವರ್ ಚಾಲೂ ಮಾಡಿದೆ. ಹಿಂದೆ ಕಪ್ಪು ಪರದೆಯಲ್ಲಿ ಅಂಕಿಗಳು ಓಡುತ್ತಲೇ ಇದ್ದವು. ಪಟ್ಟಿ ತೆರೆಯಿತು. ಸಾವ್ಕಾರ್ರು ಬಾಗಿ ನನ್ನ ಕಿವಿಯಲ್ಲಿ, "ಇನ್ನೂ ಬಾಯಿ ಹೊಲದಿಲ್ಲಲ್ಲ? ಆ ಮುದುಕಿ ಹೆಸರು ತಗದು ನಮ್ಮದು ಹಾಕು," ಎಂದರು. ಹಾಕಿದೆ. ಅತಿಥಿಗಳೆದುರು ನನ್ನ ಬೆನ್ನು ತಟ್ಟಿ, "ನಮ್ಮ ಚನ್ನಪ್ಪಗ ಕಂಪ್ಯೂಟರ್ ಅಂದ್ರ ನೀರು ಕುಡದ್ಹಂಗ," ಎಂದರು. ಆ ತಟ್ಟಿದ ಜಾಗ ಈಗಲೂ ನನ್ನ ಬೆನ್ನಲ್ಲಿ ಸುಡುತ್ತದೆ.

ಅವರು ಹೋದ ಮೇಲೆ ಸರ್ವರ್ ನಿಲ್ಲಿಸಿದೆ. ಸರವನ್ನು ಇದ್ದಲ್ಲಿಯೇ, ಇದ್ದ ಹಾಗೆಯೇ ತೂಗುಹಾಕಿದೆ.

ಸರ್ವರ್ ಚಾಲೂ ಮಾಡಿದ್ದು ತಿಳಿಗೇಡಿತನ ಎನ್ನಬಹುದು. ಸರ ತಿರುಗಿ ಹಾಕಿದ್ದಕ್ಕೆ ಯಾವ ಹೆಸರೂ ಸಾಲದು.

ದಸ್ತಗೀರ್ ಬಂದು ನನ್ನನ್ನು ನೋಡಿ, "ಯಾಕ್ರೀ ಕಣ್ಣ ಕೆಂಪಗ ಆಗ್ಯಾವು?" ಎಂದ. ಕಾಯಿ ಮುಟ್ಟಿದ ಕೈಯಿಂದ ಕಣ್ಣು ಒರೆಸಿಕೊಂಡಿದ್ದೆ. "ಧೂಳು," ಎಂದೆ. ಅವನು ಸರ ನಂಬಿ, ಸರ್ವರ್ ನಿಂತಿದೆಯೇ ಎಂದು ನೋಡದೆ, ಸರ ಇಳಿಸಿ ಸೂಚಿ ಕಟ್ಟುವ ಆಜ್ಞೆ ಕೊಟ್ಟ. ಅದು ತಪ್ಪು ತೋರಿಸಿತು. ದುರಸ್ತಿಯ ಆಜ್ಞೆ ಕೊಟ್ಟ. ಒತ್ತಿದ ಕೋಷ್ಟಕ ಒಂದು ಹೇಳುತ್ತಿತ್ತು, ನಾನು ಕೆಡಿಸಿದ ಸೂಚಿ ಇನ್ನೊಂದು ಹೇಳುತ್ತಿತ್ತು. ದುರಸ್ತಿ ಮಾಡುವ ಪ್ರೋಗ್ರಾಮು ತನಗೆ ಅರ್ಥವಾಗದ್ದನ್ನೆಲ್ಲ ಕಸವೆಂದು ಚೆಲ್ಲಿತು. ಬಹುತೇಕ ಎಲ್ಲವನ್ನೂ ಚೆಲ್ಲಿತು. ಹುಬ್ಬಳ್ಳಿಯಿಂದ ಬಂದ ತಿಳಿದವರೂ ತಲೆ ಅಲ್ಲಾಡಿಸಿದರು.

ದಸ್ತಗೀರ್ ಸಾವ್ಕಾರ್ರ ಮುಂದೆ ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ಒದರಲಿಲ್ಲ. "ಸರ ತೂಗಿದ್ದು ತೂಗಿದ್ಹಂಗ ಇತ್ರಿ. ಯಾರೂ ಮುಟ್ಟಿಲ್ಲ. ಸರ್ವರ್ ಬಂದ್ ಮಾಡೇನಿ ಅಂತ ತಿಳ್ಕೊಂಡಿದ್ದೆ. ಮಾಡಿದ್ದಿಲ್ಲ ಅನಸ್ತೈತಿ. ನನ್ನ ಕೈಯ ತಪ್ಪೈತ್ರಿ." ಸಾವ್ಕಾರ್ರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರಿಗೂ ತಮ್ಮ ತಿದ್ದುಪಡಿ ಹೊರಬರುವುದು ಬೇಕಿರಲಿಲ್ಲ. "ಎದುರು ಮಾತಾಡೋದೊಂದ ಕಲ್ತಿ. ನಡಿ," ಎಂದರು ಅವನಿಗೆ.

ಪೊಟ್ಟಣಗಳೆಲ್ಲ ಗೋದಾಮಿನ ಹಿಂದಿನ ತಿಪ್ಪೆಗೆ ಹೋದವು. ಮಳೆ ಬಿದ್ದಾಗ ಅಲ್ಲಿ ಸಸಿ ಎದ್ದವು. ಯಾವುದು ನಿಂಗವ್ವನದು ಎಂದು ಹೇಳುವವರು ಯಾರೂ ಇರಲಿಲ್ಲ.

ದಸ್ತಗೀರ್ ಬ್ಯಾಡಗಿಯಲ್ಲಿ ತಮ್ಮನ ಸೈಕಲ್ ಅಂಗಡಿಯಲ್ಲಿ ಕೂತ. ಕಂಪ್ಯೂಟರ್ ಮುಟ್ಟಲಿಲ್ಲ. ಕಾಗಿನೆಲೆಯ ಬಸ್ಸು ಹತ್ತಲಿಲ್ಲ. ಗಂಗವ್ವ ಸತ್ತಾಗಲೂ ಹೋಗಲಿಲ್ಲವಂತೆ. ವರ್ಷಗಳ ಮೇಲೆ, ಕಂಪನಿ ಮುಚ್ಚಿ ಸಾವ್ಕಾರ್ರೂ ತೀರಿಕೊಂಡ ಮೇಲೆ, ಒಂದು ಸಂಜೆ ಅಂಗಡಿಯೆದುರು ಹಾದುಹೋಗುವಾಗ ಅವನನ್ನು ಕಂಡೆ. ಬಾಗಿಲಿಗೆ ಕೀಲಿ ಹಾಕಿ ನಾಲ್ಕು ಹೆಜ್ಜೆ ಹೋದ. ತಿರುಗಿ ಬಂದು ಕೀಲಿ ಜಗ್ಗಿ ನೋಡಿದ. ಮತ್ತೆ ಹೋದ. ಮತ್ತೆ ಬಂದ. ಓಣಿಯ ಹುಡುಗರು, "ಕೀಲಿ ಚಾಚಾ, ಬಿದ್ದೈತಿ ಹೋಗ್ರಿ," ಎಂದು ನಗುತ್ತಿದ್ದರು. ಅವನು ಅವರಿಗೆ ಒದರಲಿಲ್ಲ. "ಬಿದ್ದೈತಾ? ಖರೇನ?" ಎಂದು ಕೇಳಿದ. ಅಗಡಿಗೆ ಬಂದು ಎಷ್ಟೋ ದಿನ ನನಗೆ ಊಟ ಸೇರಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಅವನ ಮನೆಗೆ ಹೋದೆ. ಮಗಳು ಮುಬೀನಾ ಚಹಾ ತಂದಿಟ್ಟಳು. ಹೇಳಿದೆ. ಎಲ್ಲ ಹೇಳಿದೆ. ಅವನು ನನ್ನ ಕೈಗಳನ್ನು ನೋಡಿದ.

"ನಾ ಹೋಗುಮುಂದ ಸರ್ವರ್ ಬಂದ್ ಇತ್ತು?"

"ಇತ್ತು. ನಾನ ಚಾಲೂ ಮಾಡಿದೆ."

"ಕರಿ ಪರದ್ಯಾಗ ಅಂಕಿ ಓಡಾಕತ್ತಿದ್ವು?"

"ಓಡಾಕತ್ತಿದ್ವು."

"ಸರ?"

"ತಿರುಗಿ ಹಾಕಿದೆ, ದಸ್ತಗೀರ್."

ಅವನು ಒಳಗೆ ಕೂಗಿದ. "ಮುಬೀನಾ, ಕೇಳಿದೇನವಾ? ನಾ ಬಂದ್ ಮಾಡಿದ್ದೆ. ನನ್ನ ಕೈ ತಪ್ಪಿದ್ದಿಲ್ಲ." ಆಮೇಲೆ ಎದ್ದು ನಿಂತ. ನಾನು ಕೈ ಮುಗಿಯಹೋದೆ. ಆಗ ಒದರಿದ. ಆ ದನಿ ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

"ಕೈ ಇಳಸ್ರಿ. ನಿಮ್ಮ ಎದಿ ಹಗುರಾತು, ಬಂದ ಕೆಲಸ ಆತು. ಆ ಮುದುಕಿ ಅತ್ತಿ ಅದಾಳಿಲ್ಲೋ ಅಂತ ಕೇಳ್ಕೋತ ಸತ್ತಳು. ನಾ ಮುಖ ತೋರಸಲಿಲ್ಲ ಆಕೀಗೆ. ದಿನಾ ನನ್ನ ಕೈ ನಾನ ನಂಬಲಿಲ್ಲ. ಆ ವರ್ಷಗಳನ್ನ ತಂದು ಕೊಡ್ರಿ, ಆಮ್ಯಾಲ ಮಾಫಿ ಕೇಳ್ರಿ. ನಡೀರಿ ಹೊರಗ."

ಚಹಾ ಹಾಗೇ ಇತ್ತು. ನಾನು ಹೊರಗೆ ಬಂದೆ. ಅದಾದ ಮೇಲೆ ಅವನು ಹೆಚ್ಚು ದಿನ ಬದುಕಲಿಲ್ಲ, ನನ್ನನ್ನು ಮತ್ತೆ ಒಳಗೆ ಕರೆಯಲೂ ಇಲ್ಲ. ಕರೆಯಬೇಕಾಗಿಯೂ ಇರಲಿಲ್ಲ.

ಅಂದು ಕಟ್ಟೆಯ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದೆ ಬಾಗಿಲು ಮುಚ್ಚಿತು. ಅಗುಳಿ ಬಿದ್ದ ಸಪ್ಪಳ ಕೇಳಿತು. ಅವನು ತಿರುಗಿ ಬಂದು ಜಗ್ಗಿ ನೋಡುತ್ತಾನೆಂದು ಕಾದು ನಿಂತೆ. ಹೆಜ್ಜೆ ಸಪ್ಪಳ ಒಳಗೆ ಹೋಯಿತು, ಪಡಸಾಲೆ ದಾಟಿತು. ಬಿಸಿಲಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಅವನು ತಿರುಗಿ ಬರಲಿಲ್ಲ.